ತಟ್ಟೆಯಿಂದ ಪಾಕೀಟಿಗೆ

ವೈನ್ ಕುಡಿಯುವುದನ್ನು ಕಲಿಸುವ ತರಗತಿಗಳಿವೆ ಎಂದರೆ ನಮ್ಮ ಕಡೆಯ ಹಿರಿಯ ಹೆಂಗಸರು ನಕ್ಕುಬಿಡುತ್ತಾರೆ. "ಕುಡಿಯೂದನ್ನೂ ಕಲಸ್ತಾರೇನವಾ? ಬಿಡಸೂದನ್ನ ಕಲಿಸಿದ್ರ ಪುಣ್ಯಾ ಬರತಿತ್ತು" ಎನ್ನುತ್ತಾರೆ. ನಮ್ಮ ಕಡೆ ಎಂದರೆ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು. 1997ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದು ಅಲ್ಲಿಂದೀಚೆ ಹಾವೇರಿ ಜಿಲ್ಲೆಗೆ ಸೇರಿದ ಸೀಮೆ. ನನ್ನ ತವರು ಸವಣೂರು, ಕೊಟ್ಟ ಮನೆ ಹಾನಗಲ್ಲು, ಅಕ್ಕನನ್ನು ಕೊಟ್ಟದ್ದು ಹಿರೇಕೆರೂರಿಗೆ. ಶಿಗ್ಗಾವಿ ನಮ್ಮ ಸೋದರಮಾವನ ಊರು. ಹೀಗಾಗಿ ಈ ನಾಲ್ಕೂ ಊರುಗಳ ಪಡಸಾಲೆಗಳಲ್ಲಿ ಕೂತು ಎದ್ದವಳು ನಾನು.

ಆದರೂ ಅಂಥ ತರಗತಿಗಳು ನಿಜವಾಗಿಯೂ ಇವೆ. ಬೆಂಗಳೂರು, ಮುಂಬಯಿಗಳಲ್ಲಿ ದುಡ್ಡು ಕೊಟ್ಟು ಹೋಗುತ್ತಾರೆ. ಹೋಗುವವರಲ್ಲಿ ಹೆಣ್ಣುಮಕ್ಕಳೂ ಇದ್ದಾರೆ. ಹತ್ತು ಹನ್ನೆರಡು ಜನ ಒಂದು ಮೇಜಿನ ಸುತ್ತ ಕೂಡುತ್ತಾರೆ. ಗಾಜಿನ ಲೋಟವನ್ನು ಬೆಳಕಿಗೆ ಹಿಡಿದು ಬಣ್ಣ ನೋಡುತ್ತಾರೆ. ತುಸು ಅಲುಗಿಸಿ ಮೂಸುತ್ತಾರೆ. ಒಂದು ಗುಟುಕು ಬಾಯಲ್ಲಿ ಆಡಿಸಿ, ಹಲವರು ಅದನ್ನು ನುಂಗದೆ ಪಕ್ಕದ ಪಾತ್ರೆಗೆ ಉಗುಳಿಬಿಡುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ತಮಗೇನು ಅನಿಸಿತು ಎಂದು ಹೇಳುತ್ತಾರೆ. ಹುಳಿ ಮುಂದಾಗಿದೆ, ಒಗರು ಹಿಂದೆ ಉಳಿದಿದೆ, ಈ ದ್ರಾಕ್ಷಿ ಬಿಸಿಲು ಹೆಚ್ಚಿದ್ದ ಕಡೆಯದು, ಹೀಗೆ. ಊಟಕ್ಕೆ ಯಾವುದನ್ನು ಯಾವ ಪದಾರ್ಥದ ಜೊತೆ ಕೊಡಬೇಕೆಂಬುದನ್ನೂ ಅಲ್ಲಿ ಹೇಳಿಕೊಡುತ್ತಾರೆ.

ಇದೆಲ್ಲ ಪರದೇಶದ ಸಂಗತಿ ಎಂದು ಬಿಟ್ಟುಬಿಡುವ ಹಾಗಿಲ್ಲ. ನಂದಿಬೆಟ್ಟದ ತಪ್ಪಲಿನಲ್ಲಿ ವೈನಿಗೆಂದೇ ದ್ರಾಕ್ಷಿ ಬೆಳೆಯತೊಡಗಿದ್ದು 1980ರ ದಶಕದ ಕೊನೆಗೆ. 2007ರಲ್ಲಿ ಕರ್ನಾಟಕ ಸರಕಾರ ದ್ರಾಕ್ಷಿ ಮತ್ತು ವೈನಿಗಾಗಿ ಒಂದು ನೀತಿಯನ್ನೇ ರೂಪಿಸಿತು. ಮುಂದೆ ಅದಕ್ಕೊಂದು ಮಂಡಳಿ ಬಂತು, ಮೇಳಗಳಾದವು. ಅದೇ 2007ರ ಜುಲೈ 1ರಿಂದ ಅದೇ ಸರಕಾರ ಸಾರಾಯಿಯನ್ನು ನಿಷೇಧಿಸಿತು. ಒಂದು ಕುಡಿತಕ್ಕೆ ಮೇಳ, ಇನ್ನೊಂದಕ್ಕೆ ನಿಷೇಧ. ಬಾಟಲಿಯ ಕುಡಿತ ಉಳ್ಳವರದು, ಪಾಕೀಟಿನ ಕುಡಿತ ಇಲ್ಲದವರದು ಎಂದು ಹೇಳಿ ಮುಗಿಸಬಹುದು. ಅದರಲ್ಲಿ ಸತ್ಯವೂ ಇದೆ. ಆದರೆ ನನಗೆ ಕಾಡುವುದು ಬೇರೆ ಪ್ರಶ್ನೆ. ಮೇಜಿನ ಸುತ್ತ ಕೂತು ಮೂಸಿ ಮಾತಾಡುವ ಆ ವಿದ್ಯೆ ನನಗೆ ಹೊಸದು ಅನಿಸಲೇ ಇಲ್ಲ. ನೋಡುವುದು, ಮೂಸುವುದು, ಚೂರು ಬಾಯಿಗಿಡುವುದು, ಉಗುಳುವುದು, ಆಮೇಲೆ ಮಾತು, ಇಷ್ಟನ್ನೂ ನಾನು ತವರಿನ ಪಡಸಾಲೆಯಲ್ಲಿ ಹತ್ತು ವರ್ಷದ ಹುಡುಗಿಯಾಗಿದ್ದಾಗಲೇ ಕಂಡಿದ್ದೆ. ಅಲ್ಲಿ ಲೋಟವಿರಲಿಲ್ಲ. ಹಿತ್ತಾಳೆಯ ತಟ್ಟೆ ಇತ್ತು, ತಟ್ಟೆಯಲ್ಲಿ ಎಲೆ ಅಡಿಕೆ ಇತ್ತು.

ಹಳೆಯ ಕಾಲದವರು ಈ ಎರಡನ್ನೂ ಒಂದೇ ಪುಸ್ತಕದಲ್ಲಿಟ್ಟು ನೋಡಿದ್ದಾರೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1126ರಿಂದ 1138ರವರೆಗೆ ಆಳಿದವನು. ಅವನ ಹೆಸರಿನ 'ಮಾನಸೋಲ್ಲಾಸ' ಸಂಸ್ಕೃತದಲ್ಲಿ ನೂರು ಅಧ್ಯಾಯಗಳ ದೊಡ್ಡ ಗ್ರಂಥ. ಇಪ್ಪತ್ತು ಇಪ್ಪತ್ತರಂತೆ ಐದು ಭಾಗ. ಅದರಲ್ಲಿ ಒಂದು ಭಾಗ ಇಪ್ಪತ್ತು ಭೋಗಗಳದ್ದು: ಮನೆ, ಸ್ನಾನ, ಬಟ್ಟೆ, ಅನ್ನ, ಪಾನೀಯ ಇತ್ಯಾದಿ. ತಾಂಬೂಲಕ್ಕೆ ಅಲ್ಲಿ ಅದರದೇ ಅಧ್ಯಾಯವಿದೆ. ಇನ್ನೊಂದು ಭಾಗ ಇಪ್ಪತ್ತು ಕ್ರೀಡೆಗಳದ್ದು. ಉಯ್ಯಾಲೆ, ಒಗಟು, ಚದುರಂಗಗಳ ಸಾಲಿನಲ್ಲೇ ಮದಿರಾಪಾನವೂ ಬರುತ್ತದೆ. ಕುಡಿತ ಅಲ್ಲಿ ಆಟಗಳ ಸಾಲಿನಲ್ಲಿದೆ ಎಂಬುದನ್ನು ಗಮನಿಸಬೇಕು. ಆಟವೆಂದರೆ ಜೊತೆಗಾರರು ಬೇಕು, ಕಟ್ಟಳೆ ಬೇಕು, ಮುಗಿಸುವ ಹೊತ್ತೂ ಬೇಕು. ಅರಸರ ಮನೆಯ ಕುಡಿತ ಎಲ್ಲ ದಿನವೂ ಹಾಗೆ ಕಟ್ಟಳೆಯಲ್ಲಿ ನಡೆದಿರಲಿಕ್ಕಿಲ್ಲ. ಆದರೆ ಹೀಗೆ ನಡೆಯಬೇಕು ಎಂಬ ತಿಳಿವಳಿಕೆಯಂತೂ ಇತ್ತು.

ಆ ಕಾಲಕ್ಕೆ ನಮ್ಮ ಹಾನಗಲ್ಲು 'ಪಾನುಂಗಲ್ಲು'. ಪಾನುಂಗಲ್ಲು ಐನೂರು ಎಂಬ ನಾಡಿಗೆ ಅದು ರಾಜಧಾನಿ. ಕದಂಬರ ಒಂದು ಶಾಖೆ ಅಲ್ಲಿ ಚಾಲುಕ್ಯರ ಮಾಂಡಲಿಕರಾಗಿ ಆಳುತ್ತಿತ್ತು. ತಾರಕೇಶ್ವರ ಗುಡಿಯ ಒಳಗೆ ನಿಂತು ತಲೆಯೆತ್ತಿ ಛತ್ತಿನ ಕಲ್ಲಿನ ಕಮಲವನ್ನು ನೋಡಿದವರಿಗೆ ಆ ಕಾಲದ ಜನರ ಅಭಿರುಚಿ ಎಂಥದಿತ್ತು ಎಂದು ಬೇರೆ ಹೇಳಬೇಕಿಲ್ಲ. ಆ ಶತಮಾನಗಳ ಕನ್ನಡ ಶಾಸನಗಳಲ್ಲಿ ಅಡಿಕೆಯ ತೋಟ, ಎಲೆಯ ತೋಟಗಳನ್ನು ದೇವರಿಗೆ ಬಿಟ್ಟ ಮಾತು ಮತ್ತೆ ಮತ್ತೆ ಬರುತ್ತದೆ. ಎಲೆಯ ಹೇರಿನ ಮೇಲಿನ ಸುಂಕವನ್ನು ಗುಡಿಗೆ ಬಿಟ್ಟುಕೊಟ್ಟದ್ದೂ ಉಂಟು. ದೇವರಿಗೆ ನೈವೇದ್ಯವಾದ ಮೇಲೆ ತಾಂಬೂಲವೂ ಆಗಬೇಕಲ್ಲ!

ಎಲೆಯೂ ಅಡಿಕೆಯೂ ಮೂಲತಃ ನಮ್ಮ ನೆಲದವಲ್ಲ, ಆಗ್ನೇಯ ಏಷ್ಯಾದ ಕಡೆಯಿಂದ ಬಂದವು ಎಂದು ಬಲ್ಲವರು ಹೇಳುತ್ತಾರೆ. ಬಂದದ್ದು ಎಷ್ಟು ಹಿಂದೆಯೆಂದರೆ ನಮ್ಮ ಮಾತೆಲ್ಲ ಅದರಿಂದ ಕೆಂಪಾಗಿದೆ. ಕೆಲಸ ವಹಿಸಿಕೊಂಡರೆ ವೀಳ್ಯ ಹಿಡಿದ ಹಾಗೆ. ಯುದ್ಧಕ್ಕೆ ಕರೆದರೆ ರಣವೀಳ್ಯ. ಮದುವೆ ಗೊತ್ತಾದರೆ ವೀಳ್ಯಶಾಸ್ತ್ರ. ಮನೆಮನೆಗೆ ಹೋಗಿ ಕರೆಯುವುದಕ್ಕೂ ಎಲೆ ಅಡಿಕೆ. ಜಗಳ ಬಗೆಹರಿದು ಹಿರಿಯರ ಮುಂದೆ ಒಂದಾದರೆ ಅಲ್ಲಿಯೂ ಎಲೆ ಅಡಿಕೆ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿ ರಾಯಭಾರಿ ಅಬ್ದುರ್ ರಜಾಕನಿಗೆ ಇಮ್ಮಡಿ ದೇವರಾಯ ಕೊಟ್ಟ ಮರ್ಯಾದೆ ಎರಡು ಕಟ್ಟು ಎಲೆ, ಹಣದ ಚೀಲ, ಕರ್ಪೂರ. ಆತ ಎಲೆಯ ಗುಣವನ್ನು ಬಾಯ್ತುಂಬ ಹೊಗಳಿ, ಅರಸನ ಅಂತಃಪುರದಲ್ಲಿ ಏಳುನೂರು ಹೆಂಗಸರಿರುವುದು ಈ ಎಲೆಯ ಬಲದಿಂದಲೇ ಇರಬೇಕು ಎಂದೂ ಬರೆದಿಟ್ಟ. ಆ ಏಳುನೂರು ಹೆಂಗಸರಿಗೆ ಎಲೆ ಹೇಗೆ ರುಚಿಸಿತ್ತು ಎಂಬುದನ್ನು ಆತನೂ ಕೇಳಲಿಲ್ಲ, ಬೇರೆ ಯಾರೂ ಕೇಳಲಿಲ್ಲ.

ಹೇಳಿದ ಹೆಂಗಸು ಒಬ್ಬಳಿದ್ದಾಳೆ, ಆದರೆ ಎಲೆಯ ರುಚಿಯನ್ನಲ್ಲ. ದೊಡ್ಡವರ ತಾಂಬೂಲದ ಚೀಲ ಹಿಡಿದು ಪಕ್ಕದಲ್ಲಿ ನಿಲ್ಲುವುದು ಒಂದು ಕಾಲಕ್ಕೆ ಗೌರವದ ಚಾಕರಿ. ಬಸವಣ್ಣನವರ ಹಡಪ ಹಿಡಿದ ಅಪ್ಪಣ್ಣ ಹಡಪದ ಅಪ್ಪಣ್ಣನೆಂದೇ ಹೆಸರಾದ. ಅವನೂ ಅವನ ಹೆಂಡತಿ ಲಿಂಗಮ್ಮನೂ ವಚನ ಬರೆದರು. ಅವರಿಂದ ಐದು ಶತಮಾನ ಈಚೆಗೆ, 1673ರಿಂದ 1704ರವರೆಗೆ ಆಳಿದ ಮೈಸೂರಿನ ಚಿಕ್ಕದೇವರಾಜ ಒಡೆಯರ ರಾಣಿಗೆ ಎಲೆಯ ಸಂಚಿ ಹಿಡಿಯುತ್ತಿದ್ದವಳು ಹೊನ್ನಮ್ಮ. 'ಹದಿಬದೆಯ ಧರ್ಮ' ಬರೆದ ಸಂಚಿಯ ಹೊನ್ನಮ್ಮ ಎಂದರೆ ಶಾಲೆಗೆ ಹೋದ ಎಲ್ಲರಿಗೂ ಗೊತ್ತು. ಪತಿವ್ರತೆ ಹೇಗಿರಬೇಕೆಂದು ಹೇಳುವ ಪುಸ್ತಕದ ನಡುವೆಯೇ ಹೆಣ್ಣೆಂದು ಯಾಕೆ ಹೀಯಾಳಿಸುತ್ತೀರಿ ಎಂದು ಕೇಳಿದ ದಿಟ್ಟೆ ಅವಳು. ತಟ್ಟೆಯ ಪಕ್ಕದಲ್ಲಿ ನಿಂತವಳ ಕಿವಿಗೆ ಎಲ್ಲ ಮಾತೂ ಬೀಳುತ್ತದೆ. ಅವಳ ಆ ಪ್ರಶ್ನೆ ಹುಟ್ಟಿದ್ದರಲ್ಲಿ ಎಲೆಯ ಸಂಚಿಗೂ ಒಂದು ಪಾಲಿದೆ ಎಂದು ನನಗೆ ಯಾವಾಗಲೂ ಅನಿಸುತ್ತದೆ.

ಕೂಡಿ ತಿಂದು ರುಚಿಯ ಬಗ್ಗೆ ವಾದ ಹೂಡುವುದಕ್ಕೂ ನಮ್ಮ ಸೀಮೆಯಲ್ಲಿ ದೊಡ್ಡ ಮಾದರಿಯೇ ಇದೆ. ಶಿಗ್ಗಾವಿ ತಾಲೂಕಿನ ಬಾಡ ಕನಕದಾಸರ ಊರು. ಅವರ 'ರಾಮಧಾನ್ಯ ಚರಿತ್ರೆ'ಯಲ್ಲಿ ಲಂಕೆಯಿಂದ ಮರಳುವ ರಾಮನಿಗೆ ಮುನಿಗಳ ಆಶ್ರಮದಲ್ಲಿ ಬಗೆಬಗೆಯ ಧಾನ್ಯದ ಭಕ್ಷ್ಯಗಳ ಊಟವಾಗುತ್ತದೆ. ರಾಮ ಆ ಧಾನ್ಯಗಳನ್ನು ನೋಡಬಯಸುತ್ತಾನೆ. ಗೌತಮ ಮುನಿ ರಾಗಿಯನ್ನು ಮೆಚ್ಚುತ್ತಾನೆ. ನೆಲ್ಲಿಗೆ ಸಿಟ್ಟು ಬಂದು ಜಗಳವಾಗುತ್ತದೆ. ಆಗ ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ನೋಡಿದರೆ ರಾಗಿ ಕೆಡದೆ ಉಳಿದಿರುತ್ತದೆ, ನೆಲ್ಲು ಸೊರಗಿರುತ್ತದೆ. ಉಳ್ಳವರ ಧಾನ್ಯಕ್ಕೂ ಇಲ್ಲದವರ ಧಾನ್ಯಕ್ಕೂ ನಡೆದ ವ್ಯಾಜ್ಯ ಅದು ಎಂದು ಎಲ್ಲರೂ ಬಲ್ಲರು. ನನಗೆ ಅದರಲ್ಲಿ ಹಿಡಿಸುವುದು ಇನ್ನೊಂದು: ಪಂಕ್ತಿಯಲ್ಲಿ ಮೊದಲ ತುತ್ತಿಗೆ ಚೆನ್ನಾಗಿ ಕಂಡದ್ದೇ ಒಳ್ಳೆಯದು ಎಂದು ಕನಕದಾಸರು ಒಪ್ಪುವುದಿಲ್ಲ. ಆರು ತಿಂಗಳು ಕಾಯಿಸುತ್ತಾರೆ. ಈ ಮಾತು ಮುಂದೆ ಬೇಕಾಗುತ್ತದೆ.

ಈಗ ಸವಣೂರಿಗೆ ಬರೋಣ. ಸವಣೂರೆಂದರೆ ಜನಕ್ಕೆ ಮೊದಲು ನೆನಪಾಗುವುದು ಆಫ್ರಿಕಾ ಮೂಲದ ದೊಡ್ಡ ಹುಣಸೆ ಮರಗಳು, ಆಮೇಲೆ ಖಾರಾ, ಆಮೇಲೆ ಎಲೆ. ಪಠಾಣ ನವಾಬರ ಈ ಸಂಸ್ಥಾನ ಬಹಳ ಚಿಕ್ಕದು, ಎಪ್ಪತ್ತು ಚದರ ಮೈಲಿಯಷ್ಟು. ಹೈದರಾಲಿ 1779ರಲ್ಲಿ ನವಾಬರ ಮನೆಯೊಡನೆ ಹೆಣ್ಣು ಕೊಟ್ಟು ತಂದು ಬೀಗತನ ಮಾಡಿದ. ಮರಾಠರು, ಮೈಸೂರಿನವರು, ಇಂಗ್ಲಿಷರು ಎಲ್ಲರ ನಡುವೆ ಹೇಗೋ ಉಳಿದು 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ಸೇರಿತು. ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದ್ದು ಈ ನವಾಬಿ ಊರಿನಲ್ಲೇ. ಸತ್ಯಬೋಧ ಸ್ವಾಮಿಗಳ ಬೃಂದಾವನವೂ ಇಲ್ಲೇ ಇದೆ. ದರ್ಬಾರು ಎಂದ ಮೇಲೆ ಕೊನೆಗೆ ಅತ್ತರು-ಪಾನ್ ಆಗಬೇಕು. ಅತ್ತರು-ಪಾನ್ ಬಂತೆಂದರೆ ಇನ್ನು ಏಳಬಹುದು ಎಂದು ಅರ್ಥ. ಊರಿನ ಸಾಮಾನ್ಯ ಮನೆಗಳಲ್ಲೂ ಅದೇ ರೂಢಿ. ತಟ್ಟೆ ಬಂದರೆ ಮಾತು ಶುರು, ತಟ್ಟೆ ಒಳಗೆ ಹೋದರೆ ಮಾತು ಮುಗಿಯಿತು.

ಎಲೆತೋಟ ನೋಡಿದ್ದೀರೋ ಇಲ್ಲವೋ. ಹೊರಗೆ ಬೇಸಗೆಯ ಬಿಸಿಲು ರಣಗುಡುತ್ತಿದ್ದರೂ ಒಳಗೆ ಕಾಲಿಟ್ಟರೆ ತಂಪು, ಮಸುಕು ಬೆಳಕು. ನುಗ್ಗೆ, ಚೊಗಚೆ, ಹಾಲವಾಣದ ಗಿಡಗಳಿಗೆ ಬಳ್ಳಿ ಹಬ್ಬಿಸುತ್ತಾರೆ, ನಡುವೆ ಬಾಳೆ. ಮೆಣಸಿನ ಬಳ್ಳಿಗೂ ಎಲೆಬಳ್ಳಿಗೂ ಒಂದೇ ಕುಲ. ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಆದರೆ ಬೀಜಕ್ಕೆ ಕಾಯುವವರಿಲ್ಲ, ಬಳ್ಳಿ ಕತ್ತರಿಸಿ ಊರಿ ಬೆಳೆಸುತ್ತಾರೆ. ವರ್ಷಕ್ಕೊಮ್ಮೆ ಬಳ್ಳಿಯನ್ನು ಮರದಿಂದ ಇಳಿಸಿ, ಸುತ್ತಿ, ಬುಡಕ್ಕೆ ಮಣ್ಣು ಕೊಟ್ಟು ತುದಿಯನ್ನು ಮತ್ತೆ ಹತ್ತಿಸಬೇಕು. ನೀರು ಹೆಚ್ಚಾದರೆ ಬೇರು ಕೊಳೆಯುತ್ತದೆ, ಕಡಿಮೆಯಾದರೆ ಎಲೆ ಒರಟಾಗುತ್ತದೆ. ಹಸುಗೂಸನ್ನು ಸಾಕಿದ ಹಾಗೆ ಎಂದು ತೋಟದವರು ಹೇಳುವುದು ಸುಮ್ಮನೆ ಅಲ್ಲ. ಎಲೆಯನ್ನು ತೂಗಿ ಮಾರುವುದಿಲ್ಲ, ಎಣಿಸಿ ಮಾರುತ್ತಾರೆ. ಒಂದರ ಮೇಲೊಂದು ಹೊಂದಿಸಿ ಕಟ್ಟು ಕಟ್ಟಿದ ಎಲೆ ಊರೂರಿಗೆ ಹೋಗುತ್ತದೆ.

ನಮ್ಮ ಮನೆಯ ತಟ್ಟೆಯ ಪಾಠ ಹೀಗಿತ್ತು. ಎಲೆಯನ್ನು ಮೊದಲು ಬೆಳಕಿಗೆ ಹಿಡಿ. ಬಣ್ಣ ಒಂದೇ ಸಮ ಇರಬೇಕು. ತೊಟ್ಟು ಮುರಿ, 'ಚಟ್' ಅಂದರೆ ಇಂದಿನದು, ಬಾಗಿದರೆ ನಿನ್ನಿನದು. ಮೂಸು. ತುದಿ ಚಿವುಟಿ ನಾಲಗೆಯ ಮೇಲಿಡು: ಮೊದಲು ಖಾರವೋ, ಮೊದಲು ತಂಪೋ, ಹೇಳು. ಆಮೇಲೆ ಬೆನ್ನಿನ ನಾರು ತೆಗೆ. ಸುಣ್ಣ ಬೆರಳ ತುದಿಯಷ್ಟು, ಸವರಿದ್ದು ಕಂಡೂ ಕಾಣದ ಹಾಗೆ. ಅಡಿಕೆ ಯಾವುದು? ಶಿರಸಿಯ ಕಡೆಯಿಂದ ಹಾನಗಲ್ಲಿನ ಮೇಲೆ ಹಾದು ಬಂದ ಚಾಲಿಯೋ, ಬೇಯಿಸಿದ ಕೆಂಪಡಿಕೆಯೋ? ಚಾಲಿಗೆ ಈ ಎಲೆ ಸರಿ, ಕೆಂಪಿಗೆ ಆ ಎಲೆ ಸರಿ. ಏಲಕ್ಕಿ ಹಾವೇರಿಯದು. ಬೆಳೆ ಮಲೆನಾಡಿನದಾದರೂ ಹಾವೇರಿಯ ಬಾವಿಯ ನೀರಲ್ಲಿ ತೊಳೆದು ಬೆಳ್ಳಗೆ ಮಾಡಿದ್ದಕ್ಕೆ ಒಂದು ಕಾಲಕ್ಕೆ ದೊಡ್ಡ ಹೆಸರು. ಉಪ್ಪಿನ ಊಟವಾದ ಮೇಲೆ ಇಂಥದು, ಹೋಳಿಗೆ ಊಟವಾದ ಮೇಲೆ ಇಂಥದು. ದೊಡ್ಡವರು ಈ ಕುರಿತು ವಾದಿಸುತ್ತಿದ್ದರು. ಕಲಕತ್ತಾ ಎಲೆ ದಪ್ಪ, ಖಾರ ಹೆಚ್ಚು. ಬನಾರಸಿ ಎಲೆ ಮಾಗಿಸಿ ಬಿಳುಪು ಬರಿಸಿದ್ದು, ಬಾಯಲ್ಲಿಟ್ಟರೆ ಕರಗುತ್ತದೆ. ಮೈಸೂರಿನ ಎಲೆಗೆ ಈಗ ಸರಕಾರದ ಭೌಗೋಳಿಕ ಗುರುತಿನ ಚೀಟಿಯೇ ಸಿಕ್ಕಿದೆ. ಆದರೆ ಸವಣೂರಿನವರ ಪಾಲಿಗೆ ಸವಣೂರಿನ ಎಲೆಯ ಮುಂದೆ ಉಳಿದದ್ದೆಲ್ಲ ಹಿತ್ತಲ ಸೊಪ್ಪು!

ಈ ಎಲೆಗೆ ಇನ್ನೊಂದು ಗುಣವಿತ್ತು. ಅನ್ನ ಹೋಗದ ಕಡೆ ಎಲೆ ಹೋಗುತ್ತಿತ್ತು. ಬೇಯಿಸದ ವಸ್ತುವಿಗೆ ಮೈಲಿಗೆಯಿಲ್ಲ ಎಂಬ ಲೆಕ್ಕ. ನಮ್ಮ ಪಕ್ಕದ ಮನೆಯ ಬೂಬಮ್ಮ ಮಧ್ಯಾಹ್ನ ಕಟ್ಟೆಗೆ ಬಂದು ಕೂತರೆ ಅಜ್ಜಿ ತಟ್ಟೆ ಮುಂದಿಡುವಳು. ಅವರ ಪಾನದಾನಿನ ಎಲೆ ಇವಳ ಕೈಗೆ, ಇವಳ ತಟ್ಟೆಯ ಅಡಿಕೆ ಅವರ ಕೈಗೆ. ಸುಣ್ಣ ಮಾತ್ರ ಅವರವರದು. ಅದರಲ್ಲಿ ನೀರು ಸೇರಿದೆಯಲ್ಲ! ಒಂದೇ ಕಟ್ಟೆ, ಒಂದೇ ಎಲೆ, ಎರಡು ಸುಣ್ಣದ ಡಬ್ಬಿ. ಈ ಚಿತ್ರವನ್ನು ಸೌಹಾರ್ದದ ಉದಾಹರಣೆ ಎಂದು ಭಾಷಣದಲ್ಲಿ ಹೇಳುವವರು ಎರಡನೆಯ ಸುಣ್ಣದ ಡಬ್ಬಿಯನ್ನು ಬಿಟ್ಟು ಹೇಳುತ್ತಾರೆ. ನಾನು ಅದನ್ನೂ ಸೇರಿಸಿಯೇ ಹೇಳುತ್ತೇನೆ.

ತಟ್ಟೆಯ ಸುತ್ತ ಕೂಡ್ರಲು ಎಲ್ಲರಿಗೂ ಅಪ್ಪಣೆಯಿರಲಿಲ್ಲ. ಬ್ರಹ್ಮಚಾರಿ, ಸಂನ್ಯಾಸಿ, ವಿಧವೆ ಈ ಮೂವರಿಗೆ ತಾಂಬೂಲ ನಿಷಿದ್ಧವೆಂದು ಶಾಸ್ತ್ರ. ಬ್ರಹ್ಮಚಾರಿಗೆ ಮುಂದೆ ಮದುವೆಯಿದೆ. ಸಂನ್ಯಾಸಿ ತಾನಾಗಿ ಬಿಟ್ಟವನು. ಮೂರನೆಯವಳನ್ನು ಯಾರೂ ಕೇಳಿರಲಿಲ್ಲ.

ನಮ್ಮ ಮನೆಯಲ್ಲಿ ಅಜ್ಜನ ತಂಗಿ ಇದ್ದಳು. ಹದಿನಾಲ್ಕಕ್ಕೋ ಹದಿನೈದಕ್ಕೋ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ನಾವೆಲ್ಲ ಅವಳನ್ನು ಅತ್ತಿ ಅಜ್ಜಿ ಅನ್ನುತ್ತಿದ್ದೆವು. ಮನೆಯ ತಾಂಬೂಲದ ತಟ್ಟೆ ಅವಳ ವಶ. ತೋಟದಿಂದ ಎಲೆ ಬಂದರೆ ಆರಿಸುವವಳು ಅವಳು. ಅಡಕತ್ತರಿ ಹಿಡಿದರೆ ಅಡಿಕೆಯ ಹೋಳು ಒಂದೇ ಅಳತೆ. ಹಲ್ಲಿಲ್ಲದ ಅಜ್ಜನಿಗೆ ಪುಟ್ಟ ಕುಟ್ಟಾಣಿಯಲ್ಲಿ ಕುಟ್ಟಿ ಕೊಡುವವಳೂ ಅವಳೇ. ಎಲೆಯ ಕಟ್ಟು ಬಿಚ್ಚಿದ ಕೂಡಲೆ, ಇದು ಕೆರೆಯ ಕೆಳಗಿನ ತೋಟದ್ದು, ಇದು ಬಾವಿ ನೀರಿನದು ಎಂದು ವಾಸನೆಯ ಮೇಲೆ ಹೇಳುತ್ತಿದ್ದಳು. ಪಡಸಾಲೆಯಲ್ಲಿ ಗಂಡಸರು ವಾದಕ್ಕೆ ಬಿದ್ದರೆ ಕೊನೆಗೆ ಅಜ್ಜ ಒಳಗೆ ಕೂಗುತ್ತಿದ್ದ: "ಏನನಸ್ತದವಾ ನಿನಗ?" ಅವಳು ಬಾಗಿಲ ಮರೆಯಿಂದ ಒಂದೇ ಮಾತು ಹೇಳುವಳು, ವಾದ ಅಲ್ಲಿಗೆ ಮುಗಿಯುವುದು. ನನಗೆ ನಾರು ತೆಗೆಯುವುದನ್ನು, ಸುಣ್ಣ ಸವರುವುದನ್ನು ಕಲಿಸಿದವಳು ಅವಳೇ. ಅರವತ್ತು ವರ್ಷ ಅವಳು ಎಲೆ ಮಡಿಚಿದಳು. ಒಂದನ್ನೂ ಬಾಯಿಗಿಡಲಿಲ್ಲ.

ಒಮ್ಮೆ ಕೇಳಿದೆ, "ಅತ್ತಿ ಅಜ್ಜಿ, ತಿನ್ನದನ ನಿನಗ ಹ್ಯಾಂಗ ಗೊತ್ತಾಗ್ತದ?" ಅಂದಳು: "ತಿಂದವರ ಮಾರಿ ನೋಡ್ತೀನಲ್ಲವಾ." ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ನನಗೆ ಈಗಲೂ ಅದು ಸರಿಯಾಗಿ ಜೀರ್ಣವಾಗಿಲ್ಲ. ಹಳೆಯ ಕಾಲದ ಕೂಟಗಳೆಷ್ಟು ಚೆಂದ ಎಂದು ಯಾರಾದರೂ ಹಾಡಿ ಹೊಗಳತೊಡಗಿದರೆ ಬಾಗಿಲ ಮರೆಯ ಆ ಸೆರಗು ಕಣ್ಣಿಗೆ ಕಟ್ಟುತ್ತದೆ. ರುಚಿಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವಳಿಗೆ ಕೂಟದಲ್ಲಿ ಜಾಗವಿರಲಿಲ್ಲ.

ಹಿರೇಕೆರೂರು ಸೀಮೆ ಸರ್ವಜ್ಞನದು. ಮಾಸೂರಿನ ಬಸವರಸ, ಅಬಲೂರಿನ ಕುಂಬಾರ ಮಾಳಿ ಇವರ ಮಗ ಎಂದು ಕತೆ. ಯಾವ ಪಂಕ್ತಿಗೂ ಸಲ್ಲದೆ ಊರೂರು ತಿರಿದುಂಡವನು. ಅದಕ್ಕೇ ಯಾವ ಮನೆಯ ಊಟ ಹೇಗೆ, ಯಾರ ನೀಡಿಕೆ ಎಂಥದು ಎಂದು ಅವನಷ್ಟು ನೇರವಾಗಿ ಹೇಳಿದವರಿಲ್ಲ. ಆ ಊರಿಗೆ ಹೋದಾಗ ಅಕ್ಕನ ಮನೆಯಲ್ಲಿ ನನಗೆ ಉಡಿ ತುಂಬುತ್ತಾರೆ: ಅಕ್ಕಿ, ಕುಬಸದ ಕಣ, ಕೊಬ್ಬರಿ ಗಿಟಕ, ಉತ್ತತ್ತಿ, ಅರಿಷಿಣ ಬೇರು, ಎಲೆ ಅಡಿಕೆ. ಉಡಿಯೊಡ್ಡಿ ನಿಂತಾಗ ಪ್ರತಿ ಸಲವೂ ಹಿತ ಅನಿಸುತ್ತದೆ. ಆದರೆ ಅದೇ ಕೋಣೆಯಲ್ಲಿ ಉಡಿ ತುಂಬಿಸಿಕೊಳ್ಳದವಳು ಒಬ್ಬಳಿದ್ದರೆ ಆ ಹಿತಕ್ಕೆ ಚೂರು ಸುಣ್ಣ ಹೆಚ್ಚಾದ ಹಾಗೆ, ಬಾಯಿ ಉರಿಯುತ್ತದೆ.

ಈಗ ಮೊದಲಿನ ಪ್ರಶ್ನೆಗೆ ಬರುತ್ತೇನೆ. ಎಲೆಯ ಸುತ್ತ ಇಷ್ಟೆಲ್ಲ ಕಟ್ಟಳೆ ಬೆಳೆದ ನಮ್ಮ ಸೀಮೆಯಲ್ಲಿ ಕುಡಿತದ ಸುತ್ತ ಯಾಕೆ ಏನೂ ಉಳಿಯಲಿಲ್ಲ? ಸೋಮೇಶ್ವರನ ಕಾಲದ ಆಟ ಎಲ್ಲಿಗೆ ಹೋಯಿತು? ಕಾರಣಗಳು ಹಲವು. ಮರ್ಯಾದಸ್ಥರ ಮನೆಯಿಂದ ಕುಡಿತ ಎಂದೋ ಹೊರಗಾಗಿತ್ತು. ಆಮೇಲೆ ಮುಂಬಯಿ ಪ್ರಾಂತದ 1949ರ ಪಾನನಿಷೇಧ ಕಾಯಿದೆ ನಮ್ಮ ತಾಲೂಕುಗಳಿಗೂ ಬಂತು. ಕದ್ದು ಕುಡಿಯುವವನಿಗೆ ಜೊತೆ ಬೇಕಿಲ್ಲ, ರುಚ್ಯೂ ಬೇಕಿಲ್ಲ. ಬೇಗ ಕುಡಿದು ಮುಗಿಸಬೇಕು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1967ರಲ್ಲಿ ಆ ರಾಜ್ಯ ನಿಷೇಧ ತೆಗೆಯಿತು. ಅಂಗಡಿ ತೆರೆಯಿತು, ಕೂಟ ತೆರೆಯಲಿಲ್ಲ. ಕೊನೆಗೆ ಸಾರಾಯಿ ಪ್ಲಾಸ್ಟಿಕ್ಕಿನ ಪಾಕೀಟಿನಲ್ಲಿ ಬಂತು. ಹಲ್ಲಿನಿಂದ ಮೂಲೆ ಹರಿದು, ಬಾಯಿಗೆ ಹಿಂಡಿ, ಪಾಕೀಟು ಗಟಾರಕ್ಕೆ ಒಗೆದು ಹೋದರಾಯಿತು. ವಾರದ ಕೂಲಿ ಮನೆಗೆ ಬರುವಷ್ಟರಲ್ಲಿ ಅರ್ಧ. 2007ರಲ್ಲಿ ಸಾರಾಯಿ ಹೋಯಿತು, ಅದರ ಜಾಗಕ್ಕೆ ಬೇರೆ ಅಗ್ಗದ ಮದ್ಯ ಬಂತು. 2019ರ ಜನವರಿಯಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡೇ ಹೋಗಿ ಮದ್ಯ ನಿಲ್ಲಿಸಿರಿ ಎಂದು ಕೇಳಿದರು. ವೈನಿನ ತರಗತಿಯ ಮಾತಿಗೆ ನಮ್ಮ ಹಿರಿಯರು ನಗುವುದು ಅಜ್ಞಾನದಿಂದಲ್ಲ. ಪಾಕೀಟಿನ ಹಿಂದೆ ಬಾಳಿದ ಅನುಭವದಿಂದ.

ಕುಡಿತಕ್ಕೆ ಆದದ್ದೇ ಎಲೆಗೂ ಆಯಿತು. ನಮ್ಮ ಕಣ್ಣೆದುರೇ, 1980ರ, 90ರ ದಶಕಗಳಲ್ಲಿ ಗುಟಕಾ ಪಾಕೀಟು ಗೂಡಂಗಡಿಗಳಲ್ಲಿ ತೋರಣದಂತೆ ತೂಗಾಡತೊಡಗಿತು. ಅದರಲ್ಲಿ ಎಲೆಯೇ ಇಲ್ಲ. ಅಡಿಕೆಯ ಚೂರು, ಸುಣ್ಣ, ಕಾಚು, ತಂಬಾಕು, ಸುಗಂಧ. ಆರಿಸುವುದಿಲ್ಲ, ಮಡಿಚುವುದಿಲ್ಲ, ಯಾರಿಗೂ ಕೊಡುವುದಿಲ್ಲ. ಬಸ್ಸಿನಲ್ಲಿ ಒಬ್ಬನೇ ಕೂತು ಹರಿದು ಬಾಯಿಗೆ ಸುರಿದುಕೊಳ್ಳುವುದು. ತಟ್ಟೆಯಲ್ಲಿ ಊಟಕ್ಕೊಂದು ಎಲೆ ಇದ್ದದ್ದು ಪಾಕೀಟಿನಲ್ಲಿ ತಾಸಿಗೊಂದಾಯಿತು. ಹದಿನೈದು ಹದಿನಾರರ ಹುಡುಗರ ಬಾಯಿ ಎರಡು ಬೆರಳಿನಷ್ಟು ತೆರೆಯಲಾರದ ಹಾಗೆ ಬಿಗಿದುಕೊಂಡದ್ದನ್ನು ನಮ್ಮೂರಿನಲ್ಲೇ ಕಂಡಿದ್ದೇನೆ. 2013ರಲ್ಲಿ ಕರ್ನಾಟಕ ಗುಟಕಾ ನಿಷೇಧಿಸಿತು. ಅಡಿಕೆಯ ಪುಡಿ ಒಂದು ಪಾಕೀಟು, ತಂಬಾಕು ಇನ್ನೊಂದು ಪಾಕೀಟು ಮಾಡಿ ಮಾರುವುದು ಶುರುವಾಯಿತು.

ತಟ್ಟೆ ಒಳ್ಳೆಯದು, ಪಾಕೀಟು ಕೆಟ್ಟದ್ದು ಎಂದು ಇಲ್ಲಿಗೆ ಮುಗಿಸಿದರೆ ಬರೆಯುವವಳಿಗೆ ಸುಖ. ಆದರೆ ಕನಕದಾಸರ ಆರು ತಿಂಗಳ ಮಾತು ಇಲ್ಲಿ ಬರುತ್ತದೆ. ಕಾದು ನೋಡಿದವರು ಏನು ಹೇಳುತ್ತಾರೆ? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1985ರಲ್ಲೇ ತಂಬಾಕು ಸೇರಿದ ಎಲೆ ಅಡಿಕೆ ಕ್ಯಾನ್ಸರ್ ತರುತ್ತದೆ ಎಂದಿತು. 1988ರಲ್ಲಿ ಮದ್ಯದ ಬಗ್ಗೆ ಅದನ್ನೇ ಹೇಳಿತು, ಅದರಲ್ಲಿ ವೈನೂ ಸೇರಿತು. 2004ರಲ್ಲಿ ತಂಬಾಕಿಲ್ಲದ ಎಲೆ ಅಡಿಕೆಯನ್ನೂ, ಬರಿಯ ಅಡಿಕೆಯನ್ನೂ ಅದೇ ಪಟ್ಟಿಗೆ ಸೇರಿಸಿತು. ನಮ್ಮ ಸೀಮೆಯಲ್ಲಿ ಅಡಿಕೆ, ಎಲೆ ಬೆಳೆದು ಬದುಕುವ ಮನೆಗಳು ಸಾವಿರಾರು. ಅವರ ಮುಂದೆ ಈ ಮಾತು ಹೇಳುವುದು ಕಷ್ಟ. ಹೇಳದಿರುವುದು ಇನ್ನೂ ಕಷ್ಟ. ಗಾಜಿನ ಲೋಟವನ್ನು ಎಷ್ಟು ನಯವಾಗಿ ಹಿಡಿದರೂ ಒಳಗಿನದು ಮದ್ಯವೇ, ತಟ್ಟೆ ಎಷ್ಟೇ ಹಳೆಯದಾದರೂ ಅಡಿಕೆ ಅಡಿಕೆಯೇ. ಕೂಟ ಕೊಡುತ್ತಿದ್ದದ್ದು ಒಂದು ಮಿತಿಯನ್ನು. ವಿಷ ತೆಗೆಯುವ ಶಕ್ತಿ ಅದಕ್ಕಿರಲಿಲ್ಲ. ಆದರೂ ಮಿತಿ ಸಣ್ಣ ಸಂಗತಿಯಲ್ಲ. ನಾಲ್ಕು ಜನರ ಎದುರು ಬಾಯಿಗಿಡುವುದಕ್ಕೂ ಗೋಡೆಯ ಕಡೆ ಮುಖ ಮಾಡಿ ಬಾಯಿಗೆ ಸುರಿದುಕೊಳ್ಳುವುದಕ್ಕೂ ಇರುವ ಅಂತರ ಎಂಥದೆಂದು ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ.

ಹಾಗಾದರೆ ಉಳಿಸಿಕೊಳ್ಳಬೇಕಾದ್ದು ಏನು? ನನ್ನ ಮಟ್ಟಿಗೆ ತಟ್ಟೆಯನ್ನು. ಅದರ ಮೇಲಿದ್ದ ಎಲ್ಲವನ್ನೂ ಅಲ್ಲ. ಹಾನಗಲ್ಲಿನಲ್ಲಿ ನಾವು ಏಳೆಂಟು ಜನ ಶ್ರಾವಣದ ಶುಕ್ರವಾರಗಳಲ್ಲಿ ಕೂಡುತ್ತೇವೆ. ತಟ್ಟೆಯಲ್ಲಿ ಎಳೆ ಎಲೆ, ಏಲಕ್ಕಿ, ಲವಂಗ, ಬಡೇಸೋಪು, ಕೊಬ್ಬರಿ ತುರಿ, ಗುಲ್ಕಂದ ಇರುತ್ತದೆ. ಅಡಿಕೆಯನ್ನು ದೇವರ ಮುಂದಿಟ್ಟು ಅಲ್ಲಿಗೇ ಬಿಡುತ್ತೇವೆ. ಎಲೆಯನ್ನು ಬೆಳಕಿಗೆ ಹಿಡಿಯುತ್ತೇವೆ, ತೊಟ್ಟು ಮುರಿಯುತ್ತೇವೆ, ಯಾವ ತೋಟದ್ದು ಎಂದು ವಾದಿಸುತ್ತೇವೆ. ಮೊಮ್ಮಕ್ಕಳು ನಗುತ್ತಾರೆ, ಆಮೇಲೆ ತಾವೂ ಮೂಸಿ ನೋಡುತ್ತಾರೆ. ಗಂಡನನ್ನು ಕಳೆದುಕೊಂಡವರನ್ನೂ ಕರೆಯುತ್ತೇವೆ. ಅರಿಷಿಣ ಕುಂಕುಮವನ್ನೂ ಎಲೆಯನ್ನೂ ಎಲ್ಲರಿಗೂ ಒಂದೇ ಸಮ ಕೊಡುತ್ತೇವೆ. ಕಿರಿಯರು ಕೈ ಚಾಚಿ ತೆಗೆದುಕೊಳ್ಳುತ್ತಾರೆ. ಹಿರಿಯರಲ್ಲಿ ಒಬ್ಬಿಬ್ಬರು ಇನ್ನೂ "ನನಗ ಬ್ಯಾಡವಾ" ಎಂದು ಸೆರಗಿನೊಳಗೆ ಕೈ ಎಳೆದುಕೊಳ್ಳುತ್ತಾರೆ. ಅವರಿಗೆ ಒತ್ತಾಯ ಮಾಡುವುದಿಲ್ಲ. ಮಡಿಚಿದ ಎಲೆಯನ್ನು ಅವರ ಮುಂದೆಯೇ ಇಟ್ಟು ಮಾತು ಮುಂದುವರಿಸುತ್ತೇವೆ. ಹೋದ ವರ್ಷ ಅಂಥವರಲ್ಲಿ ಒಬ್ಬರು ಹೋಗುವಾಗ ಆ ಎಲೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೋದರು. ಮನೆಗೆ ಹೋಗಿ ತಿಂದರೋ ಇಲ್ಲವೋ, ನಾವು ಯಾರೂ ಕೇಳಲಿಲ್ಲ.